ಮಾದರಿಯ ಊರು

ಮಧುಗಿರಿ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಸೆರೆಮನೆಯ ಹೆಸರಾಗಿ. ಸಾಗರದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕೆಳದಿಯ ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳಬೇಕಾಗಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿ ಬಲ್ಲಾಳರಾಯನದುರ್ಗಕ್ಕೆ ತಪ್ಪಿಸಿಕೊಂಡು ಹೋದಳು, ಅಲ್ಲಿ ಸಿಕ್ಕಿಬಿದ್ದಳು. ಅವಳನ್ನೂ ದತ್ತುಮಗನನ್ನೂ ಮಧುಗಿರಿಯ ಬೆಟ್ಟದ ಮೇಲಿಟ್ಟರು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸಿತು. ಪುಣೆಯ ದಾರಿಯಲ್ಲಿ ಆಕೆ ತೀರಿಕೊಂಡಳು. ಶಾಲೆಯಲ್ಲಿ ಇಷ್ಟನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡ ನಮ್ಮಲ್ಲಿ ಯಾರೊಬ್ಬರೂ ಮಧುಗಿರಿ ಎಲ್ಲಿದೆ ಎಂದು ಕೇಳಲಿಲ್ಲ. ಲಂಕೆ ಎಲ್ಲಿದೆ ಎಂದು ಯಾರು ಕೇಳುತ್ತಾರೆ?

ಅರ್ಧ ಆಯುಸ್ಸು ಕಳೆದ ಮೇಲೆ ಆ ಬೆಟ್ಟವನ್ನೊಮ್ಮೆ ನೋಡಿ ಬರೋಣ ಅನ್ನಿಸಿತು. ಹೋಗುವುದಾದರೆ ಬೇಸಿಗೆಯಲ್ಲೇ ಹೋಗಬೇಕು, ಆ ಸೀಮೆಯ ಬಿಸಿಲು ಕಾಣಬೇಕು ಎಂಬ ಹುಂಬತನವೂ ಸೇರಿಕೊಂಡು, ಮಾರ್ಚ್ ತಿಂಗಳಲ್ಲಿ ರಾತ್ರಿ ರೈಲು ಹತ್ತಿ ತುಮಕೂರಿನಲ್ಲಿ ಇಳಿದೆ. ಬಂದು ತಿಂಗಳುಗಳೇ ಕಳೆದಿವೆ. ಬೆಟ್ಟ ನೆನಪಿನಲ್ಲಿ ಒಂದು ಕಡೆ ಹೋಗಿ ಕುಳಿತಿದೆ, ಅದರ ತಂಟೆಯಿಲ್ಲ. ಬೆಟ್ಟಕ್ಕೆಂದು ಹೋದವನಿಗೆ ಗಂಟುಬಿದ್ದದ್ದು ಶಿರಾ.

ಕೊರಟಗೆರೆಯಲ್ಲಿ ನಿಂತದ್ದು ತಿಂಡಿಗೆ ಮಾತ್ರ. ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿ ಇಳಿದವರೆಲ್ಲ ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುವವರು ಎಂಬುದು ಹೋಟೆಲಿನವರ ಲೆಕ್ಕ. "ಗೊರವನಹಳ್ಳಿ ಆಟೋ ಅಲ್ಲಿ ನಿಲ್ತವೆ" ಎಂದು ಕೇಳುವ ಮೊದಲೇ ತೋರಿಸಿದರು. ನಾನು ಹಾಗಲ್ಲ, ಈ ಕಡೆಯ ಊರುಗಳನ್ನು ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದೆ. ಗಲ್ಲಾದಲ್ಲಿದ್ದ ಮನುಷ್ಯ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಇಲ್ಲೇನೈತೆ ಸಾರ್ ನೋಡಾಕೆ?" ಅಂದ. ಅವನ ಬೆನ್ನ ಹಿಂದೆ, ಊರಿಗೇ ಆನಿಸಿಟ್ಟ ಹಾಗೆ, ರಣಭೈರೇಗೌಡನ ಕಾಲದ ಕೋಟೆಯ ಗುಡ್ಡವಿತ್ತು. ಅದರ ಕಡೆ ಕೈ ತೋರಿಸಿದೆ. "ಅದಾ? ಅದು ಗುಡ್ಡ" ಅಂದು ಮತ್ತೆ ಚಿಲ್ಲರೆ ಎಣಿಸತೊಡಗಿದ.

ಈ ಪ್ರಶ್ನೆ ಮುಂದೆ ಎಲ್ಲ ಊರಲ್ಲೂ ನನ್ನ ಜೊತೆ ಬಂತು. ಕೇಳಿದವರಲ್ಲಿ ಬೇಸರವಾಗಲಿ ನಾಚಿಕೆಯಾಗಲಿ ಇರಲಿಲ್ಲ. ನಿಜವಾದ ಕುತೂಹಲವೇ ಇತ್ತು. ನೋಡುವಂಥದ್ದು ಏನಿದ್ದರೂ ಜೋಗದ ಕಡೆ, ಮೈಸೂರಿನ ಕಡೆ ಇರಬೇಕು, ಇಲ್ಲಿಗೆ ಯಾಕಪ್ಪ ಬಂದ ಎಂಬಂತೆ.

ಕೊರಟಗೆರೆಯಿಂದ ಮಧುಗಿರಿಯ ದಾರಿಯಲ್ಲಿ ಎರಡೂ ಕಡೆ ಹುಣಸೆಮರ. ಹಣ್ಣು ಬಡಿಯುವ ಕಾಲ ಮುಗಿಯುತ್ತ ಬಂದಿತ್ತು. ಹಳ್ಳಿಗಳ ಜಗಲಿಗಳ ಮೇಲೆ ಹೆಂಗಸರು ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದರು. ಬಸ್ಸು ಕೆಟ್ಟು ನಿಂತ ಒಂದು ಕಡೆ ಇಳಿದು ನೋಡಿದೆ. ಒಣಗಿದ ಕಾಯಿಯ ಮೇಲಿನ ಸಿಪ್ಪೆ ಒಂದೇ ಏಟಿಗೆ ಪುಡಿಯಾಗಿ ಉದುರುತ್ತದೆ. ನಾರನ್ನು ತೊಟ್ಟಿನಿಂದ ಹಿಡಿದು ಎಳೆದರೆ ಇಡೀ ಬಲೆಯೇ ಕಳಚಿ ಬರುತ್ತದೆ. ಆಮೇಲೆ ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಕೊಡತಿಯಿಂದ ಒಂದು ಹದದಲ್ಲಿ ಕುಟ್ಟಬೇಕು. ಹೆಚ್ಚಾದರೆ ಹಣ್ಣು ಅಪ್ಪಚ್ಚಿ, ಕಡಿಮೆಯಾದರೆ ಬೀಜ ಬಿಡುವುದಿಲ್ಲ. ಹದ ಬಿದ್ದರೆ ಬೀಜ ಟಣ್ಣನೆ ಹಾರಿ ಗೋಡೆಗೆ ಹೊಡೆಯುತ್ತದೆ. ಆ ಅಜ್ಜಿ ಕುಟ್ಟುವಾಗ ಕೆಳಗೆ ನೋಡುತ್ತಲೇ ಇರಲಿಲ್ಲ, ಬಸ್ಸಿನ ಚಕ್ರದ ಅಡಿಗೆ ಹೊಕ್ಕ ಡ್ರೈವರನನ್ನು ನೋಡುತ್ತಿದ್ದಳು. ನಮ್ಮಲ್ಲಿ ಹುಳಿಗೆ ವಾಟೆಹುಳಿ, ಮುರುಗಲು. ಎಲ್ಲವೂ ಮಳೆಯ ಕೂಸುಗಳು. ಇಲ್ಲಿನ ಹುಳಿ ಬಿಸಿಲಲ್ಲಿ ಬಲಿತದ್ದು, ಅದರ ಖದರೇ ಬೇರೆ. ಮಧ್ಯಾಹ್ನ ಮಧುಗಿರಿಯ ಊಟದ ಮನೆಯೊಂದರಲ್ಲಿ ಮುದ್ದೆಯ ಜೊತೆ ಹುಣಸೆ ಚಿಗುರು ಹಾಕಿದ ಸಾರು ಬಡಿಸಿದಾಗ ಅದು ಗೊತ್ತಾಯಿತು. ಅನ್ನ ಉಣ್ಣುವವರ ಅಭ್ಯಾಸದಲ್ಲಿ ನಾನು ಮುದ್ದೆಯನ್ನು ಅಗಿಯಲು ಹೋದೆ. ಎದುರಿಗೆ ಕೂತಿದ್ದ ಹುಡುಗ ಉಣ್ಣುವುದನ್ನು ಬಿಟ್ಟು ನನ್ನ ಬಾಯನ್ನೇ ನೋಡಿದ.

ಬೆಟ್ಟ ಹತ್ತಿದ್ದು ಮರುದಿನ ನಸುಕಿನಲ್ಲಿ. ಏಷ್ಯಾಕ್ಕೇ ಎರಡನೆಯ ದೊಡ್ಡ ಏಕಶಿಲೆ ಎಂದು ಊರಿನವರು ಹೇಳುತ್ತಾರೆ. ಮೊದಲನೆಯದು ಮಾಗಡಿ ಕಡೆಯ ಸಾವನದುರ್ಗವಂತೆ. ಸಮುದ್ರಮಟ್ಟದಿಂದ 3,930 ಅಡಿ. ಅಂಕಿಯಿಂದ ಏನೂ ತಿಳಿಯುವುದಿಲ್ಲ. ಮಲೆನಾಡಿನ ಗುಡ್ಡಗಳಿಗೆ ಮೈತುಂಬ ಕಾಡು, ಕಲ್ಲು ಎಲ್ಲಿದೆಯೆಂದು ಅಗೆದು ನೋಡಬೇಕು. ಇದು ಬರಿಮೈಯ ಬೆಟ್ಟ. ಮೊದಲಿಗೆ ಕಟ್ಟಿದ ಮೆಟ್ಟಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂದು ಹೆಸರಿರುವ ಬಾಗಿಲುಗಳು, ಅಲ್ಲಿಯವರೆಗೆ ಮಾತಾಡಿಕೊಂಡು ಹತ್ತಬಹುದು. ಆಮೇಲೆ ಬಂಡೆಯಲ್ಲೇ ಕಾಲು ಊರುವಷ್ಟು ಕಡಿದ ಗುರುತುಗಳು, ಪಕ್ಕದಲ್ಲಿ ಒಂದು ಕಬ್ಬಿಣದ ಆಸರೆ. ಬಂಡೆ ಎದೆಗೆ ತಾಗುವಷ್ಟು ಹತ್ತಿರ. ಈ ಕಡೆಯ ಪಾಳೆಯಗಾರರು ಕಟ್ಟಿಸಿದ್ದನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡರು, ಹೈದರ್ ಬಲಪಡಿಸಿದ. ಬಲಪಡಿಸುವುದಕ್ಕೆ ಏನಿತ್ತು ಅನ್ನಿಸಿತು. ಇಷ್ಟು ಕಡಿದಾದ ಬಂಡೆಯನ್ನು ಏರಿ ಬರುವ ಶತ್ರುವಿಗೆ ಮೇಲಿರುವವರು ಬಾಗಿಲು ತೆಗೆದು ಒಂದು ಚೊಂಬು ನೀರು ಕೊಡಬೇಕಾದದ್ದು ಧರ್ಮ.

ನಡುವೆ ಒಂದು ಕಡೆ ಕಾವಲಿನವರು ಸಿಕ್ಕರು. ದವಸದ ಕಣಜ ತೋರಿಸಿದರು, ಎಣ್ಣೆ ತುಪ್ಪ ತುಂಬಿಡುತ್ತಿದ್ದ ಗುಂಡಿ ತೋರಿಸಿದರು, ನೀರಿನ ದೊಣೆ ತೋರಿಸಿದರು.

"ರಾಣೀನ ಎಲ್ಲಿಟ್ಟಿದ್ರು?" ಎಂದೆ.

"ಯಾವ ರಾಣಿ?"

ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ನಿಮ್ಮೂರವ್ರಾ?" ಎಂದರು. ಹೌದು ಅಂದೆ. "ಪಾಪ, ಇಷ್ಟು ದೂರ ತಂದು ಇಟ್ರಲ್ಲ" ಎಂದರು. ಯಾರೋ ನಮ್ಮ ನೆಂಟರ ಸುದ್ದಿ ಕೇಳಿ ಮರುಗಿದ ಹಾಗಿತ್ತು. ಇನ್ನೂರ ಐವತ್ತು ವರ್ಷ ಕಳೆದಿದ್ದರೂ ನನಗೆ ಅದು ಅಸಹಜ ಅನ್ನಿಸಲಿಲ್ಲ.

ತುದಿಯಲ್ಲಿ ಗೋಪಾಲಕೃಷ್ಣನ ಹಾಳುಗುಡಿ. ನೆರಳೆಂಬುದು ಅದೊಂದರದ್ದೇ. ಅದರ ಗೋಡೆಗೆ ಬೆನ್ನು ಕೊಟ್ಟು ಕೂತು ಕೆಳಗೆ ನೋಡಿದೆ: ಅಲ್ಲೊಂದು ಇಲ್ಲೊಂದು ತೆಂಗಿನ ತೋಟ, ಕೆಂಪು ಹೊಲ, ಏರಿ ಕಟ್ಟಿದ ಕೆರೆಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ನೀರಿರಲಿಲ್ಲ, ಅಂಗಳದ ತುಂಬ ಜಾಲಿ ಬೆಳೆದು ಹಸಿರಾಗಿತ್ತು. ಮೇಲಿನಿಂದ ಆ ಹಸಿರನ್ನು ಕಂಡು ಮೋಸ ಹೋಗಬೇಕು. ವೀರಮ್ಮಾಜಿ ಇಲ್ಲಿ ಕಳೆದದ್ದು ಸುಮಾರು ನಾಲ್ಕು ವರ್ಷ. ಬಿದನೂರಿನಲ್ಲಿ ಜೂನ್ ಬಂತೆಂದರೆ ಎದುರು ಮನೆ ಕಾಣದ ಮಳೆ. ಇಲ್ಲಿ ಕೂತು ಆಷಾಢದ ಗಾಳಿಯಲ್ಲಿ ಮೋಡ ಬರುವುದನ್ನು, ಬಂದ ಮೋಡ ಒಂದು ಹನಿ ಚೆಲ್ಲದೆ ಪೂರ್ವಕ್ಕೆ ಸಾಗಿ ಹೋಗುವುದನ್ನು ಆಕೆ ನೋಡಿರಬೇಕು. ಸೆರೆ ಯಾವ ಊರಿನದ್ದಾದರೂ ಸೆರೆಯೇ. ಆದರೆ ಮಲೆನಾಡಿನವಳನ್ನು ತಂದಿಡಲು ಇದಕ್ಕಿಂತ ಕ್ರೂರವಾದ ಜಾಗವನ್ನು ಹೈದರ್ ಹುಡುಕಿದರೂ ಸಿಗುತ್ತಿರಲಿಲ್ಲ.

ಇಳಿದು ಬಂದಾಗ ಕೆಳಗೆ ವೆಂಕಟರಮಣ, ಮಲ್ಲೇಶ್ವರ ಎರಡೂ ಗುಡಿಗಳು ಅಕ್ಕಪಕ್ಕದಲ್ಲಿ ತಣ್ಣಗೆ ನಿಂತಿದ್ದವು. ಕಾದ ಅಂಗಾಲನ್ನು ಅವುಗಳ ಹಾಸುಗಲ್ಲಿನ ಮೇಲಿಟ್ಟಾಗ ಆದ ಸುಖಕ್ಕೆ ಭಕ್ತಿ ಎಂದೇ ಹೆಸರು ಕೊಡಬಹುದು.

ಪಾವಗಡದ ಬಸ್ಸಿನಲ್ಲಿ ಮಾತು ನಿಧಾನವಾಗಿ ತೆಲುಗಿಗೆ ಹೊರಳಿತು. ಕಂಡಕ್ಟರ್ ಟಿಕೆಟ್ ಕೇಳಿದ್ದು ಕನ್ನಡದಲ್ಲಿ, ಬೈದದ್ದು ತೆಲುಗಿನಲ್ಲಿ, ಸಮಾಧಾನ ಮಾಡಿದ್ದು ಮತ್ತೆ ಕನ್ನಡದಲ್ಲಿ. ಆಂಧ್ರದ ಒಡಲಿಗೆ ಚಾಚಿಕೊಂಡ ತಾಲ್ಲೂಕು ಇದು. ಶನಿಮಹಾತ್ಮನ ಗುಡಿಯ ಎದುರು ಎಳ್ಳೆಣ್ಣೆಯ ವಾಸನೆ, ಕಪ್ಪು ಬಟ್ಟೆ ಮಾರುವವರು, ಎರಡೂ ರಾಜ್ಯದ ನಂಬರಿನ ಗಾಡಿಗಳು. ಹಿಂದೆ ಕೋಟೆಯ ಬೆಟ್ಟ. ಬೆಳಿಗ್ಗೆ ತಿಂಡಿಗೆ ನೆನೆಸಿದ ಮಂಡಕ್ಕಿಯ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಅನಂತಪುರದ ಕಡೆಯ ರುಚಿ ಗಡಿ ದಾಟಿ ಬಂದು ಇಲ್ಲಿ ಮನೆಮಾಡಿದೆ.

ಪಾವಗಡದ ಈಗಿನ ಪ್ರೇಕ್ಷಣೀಯ ಸ್ಥಳವೆಂದರೆ ತಿರುಮಣಿಯ ಸೋಲಾರ್ ಪಾರ್ಕ್. "ಅದನ್ ನೋಡಿ ಬೇಕಾದ್ರೆ" ಎಂದು ಲಾಡ್ಜಿನ ಹುಡುಗ ಮೊದಲ ಸಲ ಒಂದು ಜಾಗವನ್ನು ತಾನಾಗಿ ಸೂಚಿಸಿದ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ರಸ್ತೆಯ ಎರಡೂ ಬದಿಗೆ ನೀಲಿ ಹಲಗೆಗಳು ದಕ್ಷಿಣಕ್ಕೆ ಮುಖ ಮಾಡಿ ಮೈಲಿಗಟ್ಟಲೆ ನಿಂತಿವೆ. ನಡುವೆ ಎಲ್ಲೋ ಒಂದು ಹುಣಸೆಮರ, ಒಂದು ಮುನಿಯಪ್ಪನ ಕಲ್ಲು.

ನಾನು ಶರಾವತಿಯ ದಂಡೆಯ ಕಡೆಯವನು. ಕರೆಂಟಿಗಾಗಿ ನೆಲ ಬಿಡುವುದೆಂದರೆ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಮುಗಿಯುವ ಹೊತ್ತಿಗೆ ಊರೂರೇ ನೀರಿನಡಿ ಹೋದವು. ಎದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಕೊಟ್ಟ ನೆಲದ ಹಕ್ಕುಪತ್ರಕ್ಕೆ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಇಲ್ಲಿ ಹಾಗಾಗಲಿಲ್ಲ. ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಆಗಾಗ ಏರಿಕೆ. ಪಹಣಿ ರೈತನ ಹೆಸರಲ್ಲೇ ಇದೆ. ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. ಟೀ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ಹತ್ತೆಕರೆ ಕೊಟ್ಟವರು, ನೆಮ್ಮದಿಯಾಗಿದ್ದರು. "ಮಳೆ ನಂಬ್ಕೊಂಡು ಕಳ್ಳೇಕಾಯಿ ಬಿತ್ತಿ ಸಾಲ ಮಾಡೋದು ತಪ್ತು" ಎಂದರು. ಅವರ ಪಕ್ಕದಲ್ಲಿ ಕೂತಿದ್ದವನು ಲೋಟ ಕೆಳಗಿಟ್ಟು, "ಕೊಡಾಕೆ ಇದ್ದೋರ್ಗೆ ಸರಿ. ನಾನು ಇವ್ರ ಹೊಲದಾಗೆ ಕೂಲಿ ಮಾಡ್ತಿದ್ದೋನು. ಹೊಲ ಇಲ್ಲ, ಕೂಲಿ ಎಲ್ಲಿ? ಕುರಿ ಮೇಯ್ಸಾಕೂ ಜಾಗ ಇಲ್ಲ" ಅಂದ. ಹಿರಿಯರು ಅದಕ್ಕೆ ಎದುರಾಡಲಿಲ್ಲ. ಇಬ್ಬರ ಟೀ ದುಡ್ಡನ್ನೂ ಅವರೇ ಕೊಟ್ಟರು.

ಪಾವಗಡದಿಂದ ಮಡಕಶಿರಾ ಮೇಲೆ ಶಿರಾಕ್ಕೆ ಬಂದೆ. ನಡುವಿನದು ಆಂಧ್ರದ ನೆಲ. ಅಂಗಡಿಗಳ ಹಲಗೆ ತೆಲುಗಾದವು, ಜಗಲಿಯ ಮೇಲಿನ ಮಾತು ಬಹಳ ಕಡೆ ಕನ್ನಡವಾಗಿಯೇ ಉಳಿದಿತ್ತು. ನೊಳಂಬರ ರಾಜಧಾನಿ ಹೆಂಜೇರು ಇದೇ ಸೀಮೆಯಲ್ಲಿದೆ ಎಂದು ಗೊತ್ತಿದ್ದೂ ಇಳಿಯಲಿಲ್ಲ. ಬಿಸಿಲಿಗೆ ಬುದ್ಧಿ ಕರಗಿ ಹೋಗಿತ್ತು.

ಹಾಗೆ ಬಂದವನಿಗೆ ಸಂಜೆ ಐದರ ಹೊತ್ತಿಗೆ ಶಿರಾದಲ್ಲಿ ಮೊದಲು ಕಂಡದ್ದು ನೀರು. ಊರಿನ ಮಗ್ಗುಲಿಗೇ ದೊಡ್ಡಕೆರೆ, ಅದರಲ್ಲಿ ತುಂಬಿಲ್ಲವೆಂದರೂ ಕಣ್ಣಿಗೆ ಸಾಕಾಗುವಷ್ಟು ನೀರು. ಏರಿಯ ಮೇಲೆ ಜನ ನಡೆಯುತ್ತಿದ್ದರು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಎಷ್ಟೋ ಸಲ ಈ ಊರಿನ ಪಕ್ಕದಲ್ಲೇ ಹಾದು ಹೋಗಿದ್ದೇನೆ. ಮೇಲ್ಸೇತುವೆಯ ಮೇಲಿಂದ ಊರು ಕಾಣುವುದಿಲ್ಲ, ಫಲಕ ಮಾತ್ರ ಕಾಣುತ್ತದೆ.

ಮಲಿಕ್ ರಿಹಾನನ ಗೋರಿಗೆ ಹೋದದ್ದು ಇಳಿಬಿಸಿಲಿನಲ್ಲಿ. ರತ್ನಗಿರಿಯ ನಾಯಕ ರಂಗಪ್ಪ ಕಟ್ಟಲು ತೊಡಗಿದ ಊರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ವಶಮಾಡಿಕೊಂಡ. ಆಮೇಲೆ ಇಲ್ಲಿ ಆಳಿದವರಲ್ಲಿ ಒಬ್ಬ ಮಲಿಕ್ ರಿಹಾನ್, 1651ರವರೆಗೆ. ಗೋಳಗುಮ್ಮಟ ಎದ್ದ ಕಾಲದಲ್ಲೇ ಎದ್ದ ಗುಮ್ಮಟ ಇದು, ಅದೇ ಮನೆತನದ ಕೈಗುರುತು. ಆದರೆ ಬಿಜಾಪುರದ್ದು ತಲೆಯೆತ್ತಿ ನೋಡಿ ಕುತ್ತಿಗೆ ಉಳುಕಿಸಿಕೊಳ್ಳಬೇಕಾದ ಕಟ್ಟಡ. ಇದು ಮನುಷ್ಯರ ಅಳತೆಯದ್ದು. ಗುಮ್ಮಟದ ಬುಡಕ್ಕೆ ಸುತ್ತಲೂ ಕಮಲದ ದಳಗಳು. ಹತ್ತಿರ ಹೋಗಿ ನೋಡಿದರೆ ಗಾರೆಯವನ ಬೆರಳು ಎಲ್ಲಿ ಒತ್ತಿ ಎಲ್ಲಿ ಎತ್ತಿತು ಎಂದು ಹೇಳಬಹುದೇನೋ ಅನ್ನಿಸುವಷ್ಟು ಮೆತ್ತಗೆ ಕಾಣುತ್ತವೆ. ಒಂದು ದಳ ಪಕ್ಕದ ದಳಕ್ಕಿಂತ ತುಸು ಅಗಲ. ಆ ಅಸಮವೇ ನನಗೆ ಹಿಡಿಸಿತು. ಗಾರೆ ಉದುರಿದ ಬಿರುಕುಗಳಲ್ಲಿ ಗಿಳಿಗಳು ಸಂಸಾರ ಹೂಡಿದ್ದವು. ಒಬ್ಬ ತಾಯಿ ಜ್ವರದ ಮಗುವನ್ನು ಹೊಸಿಲಿನ ಹತ್ತಿರ ಮಲಗಿಸಿ ಕೈಮುಗಿದಳು, ಹಣೆಯಲ್ಲಿ ಕುಂಕುಮವಿತ್ತು. ಮಗುವಿಗೆ ನವಿಲುಗರಿ ಸವರಿಸಿ ಎತ್ತಿಕೊಂಡು ಹೋದಳು. ಬಂದವರಲ್ಲಿ ಕಟ್ಟಡವನ್ನು ನೋಡಲು ಬಂದವನು ನಾನೊಬ್ಬನೇ. ಉಳಿದವರಿಗೆಲ್ಲ ಅಲ್ಲಿ ಕೆಲಸವಿತ್ತು.

ಮರುದಿನ ಜುಮ್ಮಾ ಮಸೀದಿ ನೋಡಿದೆ. 1696ರದ್ದು, ಅಚ್ಚುಕಟ್ಟಾಗಿ ಕೆತ್ತಿದ ಕಲ್ಲಿನದು. ಅಷ್ಟರಲ್ಲಿ ಬಿಜಾಪುರ ಮುಗಿದು ಶಿರಾ ಮೊಘಲರದ್ದಾಗಿತ್ತು. 1687ರಿಂದ ಎಪ್ಪತ್ತು ವರ್ಷ ಇದು ಒಂದು ಸುಬಾದ ರಾಜಧಾನಿ. ಏಳು ಪರಗಣೆಗಳು ನೇರವಾಗಿ ಇದರ ಕೈಕೆಳಗಿದ್ದವು. ಕಪ್ಪ ಕೊಡಬೇಕಾದ ರಾಜ್ಯಗಳ ಪಟ್ಟಿಯಲ್ಲಿ ಮೈಸೂರು ಇತ್ತು, ಚಿತ್ರದುರ್ಗ ಇತ್ತು, ನಮ್ಮ ಬಿದನೂರೂ ಇತ್ತು. ಇಷ್ಟು ದೊಡ್ಡ ವಿಷಯ ಸಾಗರದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ? ಕಪ್ಪ ಕೊಟ್ಟ ಲೆಕ್ಕವನ್ನು ಯಾರ ಮನೆಯಲ್ಲೂ ಮಕ್ಕಳಿಗೆ ಹೇಳುವುದಿಲ್ಲ.

ದಿಲಾವರ್ ಖಾನ್ ಎಂಬ ಸುಬೇದಾರನ ಕಾಲ ಊರಿನ ವೈಭವದ ಕಾಲ. 1726ರಿಂದ 1756ರವರೆಗೆ ಆಳಿದ. ಐವತ್ತು ಸಾವಿರ ಮನೆಗಳಿದ್ದವು ಎಂದು ಹಳೆಯ ಗೆಜೆಟಿಯರುಗಳು ಬರೆಯುತ್ತವೆ. ಅಷ್ಟಿದ್ದವೋ ಇಲ್ಲವೋ, ಅಷ್ಟು ಎಂದು ಜನ ನಂಬುವಂತೆ ಊರು ಇತ್ತು ಎಂದಾದರೂ ಒಪ್ಪಬೇಕು. ಅವನು ಕಟ್ಟಿಸಿದ ಅರಮನೆಯನ್ನು ನೋಡಿಯೇ ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳನ್ನು ಹೈದರ್, ಟಿಪ್ಪು ಕಟ್ಟಿಸಿದರು ಎನ್ನುತ್ತಾರೆ. ಇಲ್ಲಿನ ಖಾನ್ ಬಾಗ್ ತೋಟವೇ ಲಾಲ್‌ಬಾಗಿಗೆ ಮೇಲ್ಪಂಕ್ತಿಯಂತೆ. ಹೈದರನಿಗೆ ನವಾಬ ಎಂಬ ಪದವಿ ಬಂದದ್ದೂ ಶಿರಾದ ಹೆಸರಿನಲ್ಲೇ, 1761ರಲ್ಲಿ ಬಸಾಲತ್ ಜಂಗ್ ಕೊಟ್ಟದ್ದು. ಕೊನೆಗೆ ಟಿಪ್ಪು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಊರು ತುಂಬಿಸಿದ.

ಅರಮನೆಯ ಮಾದರಿ ಹೋಯಿತು, ತೋಟದ ಮಾದರಿ ಹೋಯಿತು, ಪದವಿ ಹೋಯಿತು, ಜನರೂ ಹೋದರು. ಬೆಂಗಳೂರಿನ ಟಿಪ್ಪು ಅರಮನೆಗೆ ಟಿಕೆಟ್ ತೆಗೆದುಕೊಂಡು ಹೋಗುತ್ತೇವೆ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಸರದಿ ನಿಲ್ಲುತ್ತೇವೆ. ದಿಲಾವರ್ ಖಾನನ ಅರಮನೆ ಇವತ್ತು ಇಲ್ಲ. ನಕಲಿಗೆ ಆಯುಸ್ಸು ಸಿಕ್ಕಿ ಅಸಲು ತೀರಿಹೋದ ಊರು ಇದು. ಮಧುಗಿರಿಯ ಬೆಟ್ಟದ ಮೇಲೆ ನಮ್ಮ ರಾಣಿಗಾಗಿ ಬಂದ ಸಂಕಟಕ್ಕಿಂತ, ಕೋಟೆಯ ಕಂದಕದ ಬದಿಯಲ್ಲಿ ನಿಂತು ಈ ಊರಿಗಾಗಿ ಬಂದ ಸಿಟ್ಟು ಹೆಚ್ಚಿತ್ತು. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಹೇಳಲು ಹೆಸರಿಲ್ಲ.

ಸಿಟ್ಟು ಇಳಿಸಿದ್ದು ಊರಿನ ಒಳಗಿನ ಬೀದಿಗಳು. ಹೊಸ ಕಾಂಕ್ರೀಟು ಕಟ್ಟಡಗಳ ನಡುವೆ ಇನ್ನೂ ಕೆಲವು ಮಾಳಿಗೆ ಮನೆಗಳಿವೆ. ಕಲ್ಲುಚಪ್ಪಡಿಯ ಜಗಲಿ, ತಗ್ಗಿದ ಬಾಗಿಲು, ಮೇಲೆ ಮರದ ತೊಲೆಗಳ ಮೇಲೆ ಮಣ್ಣು ಹಾಸಿ ಬಡಿದ ಚಪ್ಪಟೆ ಮಾಡು. ಮಲೆನಾಡಿನ ಕಣ್ಣಿಗೆ ಚಪ್ಪಟೆ ಮಾಡೆಂದರೆ ಅಪಾಯ. ನಮ್ಮಲ್ಲಿ ಮನೆಯೆಂದರೆ ಮೊದಲು ಇಳಿಜಾರು, ಹಂಚು, ಆಮೇಲೆ ಗೋಡೆ. ಮಣ್ಣಿನ ಮಾಳಿಗೆಯನ್ನು ಒಂದು ಆರಿದ್ರಾ ಮಳೆ ಪಾಯಸ ಮಾಡಿ ಬಿಡುತ್ತದೆ. ಇಲ್ಲಿ ಅದೇ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಹುಣಸೆಹಣ್ಣು ಒಣಗುತ್ತಿತ್ತು, ಹಾಸಿಗೆ ಸುತ್ತಿಟ್ಟಿದ್ದರು. ಬೇಸಿಗೆಯಿಡೀ ಅಲ್ಲೇ ಮಲಗುತ್ತಾರಂತೆ. ನನ್ನನ್ನು ಮೇಲೆ ಹತ್ತಿಸಿದ ಯಜಮಾನರು ಗುಮ್ಮಟವನ್ನೂ ಕೆರೆಯನ್ನೂ ಒಟ್ಟಿಗೆ ತೋರಿಸಿದರು. ಕೆಳಗೆ ಅವರ ಹೆಂಡತಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದರು. ಇಳಿದಾಗ ಒಂದು ಪೊಟ್ಟಣ ಕಟ್ಟಿ ಕೈಗಿಟ್ಟರು. "ನಿಮ್ ಕಡೆ ಕೊಬ್ರಿ ಜಾಸ್ತಿ ಹಾಕ್ತಾರೆ, ಇದಕ್ಕೆ ಹಾಕಿಲ್ಲ" ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಕಗ್ಗಲಡುವಿಗೆ ಹೋಗದಿದ್ದರೆ ಅವರು ಬಿಡುತ್ತಿರಲಿಲ್ಲ. ಶಿರಾದಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಮರಿ ಮಾಡುತ್ತವೆ. ವರ್ಷದ ಮೊದಲಲ್ಲಿ ಬಂದವು ಮಳೆಗಾಲದ ಹೊತ್ತಿಗೆ ಹೋಗುತ್ತವೆ. ಮರದ ಕೆಳಗೆ ಹಿಕ್ಕೆಯ ನಾತ, ಮೇಲೆ ಕೊಕ್ಕಿಗೆ ಕೊಕ್ಕು ಬಡಿಯುವ ಸದ್ದು. ರೆಕ್ಕೆಯ ಹಿಂಬದಿಯ ಗುಲಾಬಿಯನ್ನು ಇಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ. ಈ ಮರಗಳ ಹಣ್ಣು ಬಡಿಯುವುದಿಲ್ಲವಾ ಎಂದು ಕೇಳಿದೆ. ಹಿಂದಿನ ದಿನಗಳಲ್ಲಿ ಹುಣಸೆಹಣ್ಣಿನ ಬೆಲೆ ಈ ಸೀಮೆಗೆ ಏನೆಂದು ಕಣ್ಣಾರೆ ಕಂಡಿದ್ದೆನಲ್ಲ. ಮರದಡಿ ಬೀಡಿ ಸೇದುತ್ತ ಕೂತಿದ್ದವರು, "ಬಾಣಂತೀರು ಇರೋ ಮನೆ ಮೇಲೆ ಕೋಲು ಎತ್ತಾಕೆ ಆಯ್ತದಾ?" ಎಂದರು. ಈ ಹಕ್ಕಿಗಳು ಮೀನಿಗೆ ಹೋಗುವುದು ಸುತ್ತಲಿನ ಕೆರೆಗಳಿಗೆ. ಕೆರೆ ಬತ್ತಿದ ವರ್ಷ ಬರುವುದೇ ಕಡಿಮೆ ಎಂದೂ ಹೇಳಿದರು.

ಕೊನೆಯ ಸಂಜೆ ಮತ್ತೆ ಏರಿಯ ಮೇಲಿದ್ದೆ. ಮಳೆಯಿಲ್ಲದ ತಿಂಗಳಲ್ಲಿ ಈ ನೀರು ಎಲ್ಲಿಯದು ಎಂದು ಕೇಳಿದಾಗ ಗೊತ್ತಾದದ್ದು: ಹೇಮಾವತಿಯದ್ದು. ಗೊರೂರಿನಿಂದ ಕಾಲುವೆಯಲ್ಲಿ ಬಂದು, ಕಳ್ಳಂಬೆಳ್ಳದ ಕೆರೆ ತಲುಪಿ, ಅಲ್ಲಿಂದ ಇಲ್ಲಿಗೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗದ ಹತ್ತಿರ. ವೀರಮ್ಮಾಜಿ ಸೆರೆಸಿಕ್ಕ ದುರ್ಗ ಅದೇ. ಘಟ್ಟದ ಆ ನೆತ್ತಿಯ ಮಳೆ, ಅವಳನ್ನು ಕರೆತಂದ ದಿಕ್ಕಿಗೇ ಹೊರಳಿ, ಪಂಪು ಕಾಲುವೆ ತೂಬುಗಳ ಕೃಪೆಯಿಂದ ಈ ಬಯಲಿಗೆ ಬಂದು ನಿಂತಿದೆ. ಕಾಕತಾಳೀಯ, ಅಷ್ಟೇ, ಇದರಲ್ಲಿ ಅರ್ಥ ಹುಡುಕುವುದು ನನ್ನ ಕಸುಬಲ್ಲ. ಆದರೆ ತಿಳಿದ ಮೇಲೆ ಆ ನೀರನ್ನು ಸುಮ್ಮನೆ ನೋಡಲಾಗಲಿಲ್ಲ, ಇಳಿದು ಹೋಗಿ ಕೈಕಾಲು ತೊಳೆದುಕೊಂಡೆ.

ಏರಿಯ ತುದಿಯ ಟೀ ಗಾಡಿಯಲ್ಲಿ ಕೆರೆಯದ್ದೇ ಮಾತು. ನೀರು ಇನ್ನೂ ಎಷ್ಟು ದಿನ ಬಿಡುತ್ತಾರೆ, ಮದಲೂರು ಕೆರೆಗೆ ಎಷ್ಟು, ನಮಗೆಷ್ಟು. 2020ರ ನವೆಂಬರಿನಲ್ಲಿ ಇಲ್ಲೊಂದು ಉಪಚುನಾವಣೆ ನಡೆದಾಗ ಮದಲೂರು ಕೆರೆಗೆ ನೀರು ತರುವ ಮಾತೇ ಭಾಷಣಗಳ ಪಲ್ಲವಿಯಾಗಿತ್ತು. ಕೆರೆಯೊಂದು ಇಡೀ ಚುನಾವಣೆಯನ್ನು ಆಡಿಸಬಲ್ಲದು ಎಂಬುದು ನಮ್ಮ ಕಡೆ ಯಾರಿಗೂ ಅರ್ಥವಾಗುವ ಮಾತಲ್ಲ. ಸಾಗರದ ನಡುವೆ ಸದಾಶಿವನಾಯಕ ಕಟ್ಟಿಸಿದ ಗಣಪತಿ ಕೆರೆಯಿದೆ. ಪ್ರತಿ ಮಳೆಗಾಲಕ್ಕೂ ತಾನಾಗಿ ತುಂಬುತ್ತದೆ. ನಾವು ಅದರ ಪಕ್ಕದಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗುತ್ತೇವೆ. ಒತ್ತುವರಿಯ ಜಗಳ ಎದ್ದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಗಾಡಿಯವನು ಎರಡನೆಯ ಲೋಟ ಕೊಡುವಾಗ, "ಏನೇನ್ ನೋಡಿದ್ರಿ?" ಎಂದ. ಗುಮ್ಮಟ ಹೇಳಿದೆ, ಮಸೀದಿ ಹೇಳಿದೆ, ಕೋಟೆ, ಕೊಕ್ಕರೆ ಹೇಳಿದೆ. ಅವನು ಒಂದಕ್ಕೂ ತಲೆದೂಗಲಿಲ್ಲ.

"ತಪ್ಪು ಟೈಮಿಗೆ ಬಂದ್ರಿ. ಕೋಡಿ ಬಿದ್ದಾಗ ಬರ್ಬೇಕಿತ್ತು."

"ಆವಾಗ ಏನಿರುತ್ತೆ?"

"ಏನಿರ್ತದಾ? ಊರಿಗ್ ಊರೇ ಇಲ್ಲಿರ್ತದೆ. ಬಾಗಿನ ಬಿಡ್ತಾರೆ, ಹೆಂಗಸ್ರು ಮಕ್ಳು ಬುತ್ತಿ ಕಟ್ಕೊಂಡ್ ಬರ್ತಾರೆ. ನಾನು ಅವತ್ತು ಟೀ ಮಾರಲ್ಲ, ನಾನೂ ನೋಡ್ತಾ ನಿಂತ್ಕತೀನಿ."

"ಕಳೆದ ಸಲ ಯಾವಾಗ ಬಿದ್ದಿತ್ತು?" ಎಂದು ಕೇಳಿದೆ. ಗಾಡಿಯ ಸುತ್ತ ನಿಂತಿದ್ದ ನಾಲ್ಕು ಜನ ನಾಲ್ಕು ವರ್ಷ ಹೇಳಿದರು, ಜಗಳ ಹತ್ತಿಕೊಂಡಿತು. ಒಬ್ಬ ತನ್ನ ಮಗಳ ಮದುವೆಯಿಂದ ಲೆಕ್ಕ ಹಾಕಿದ, ಇನ್ನೊಬ್ಬ ಅದು ಸುಳ್ಳು, ಮದುವೆಯ ವರ್ಷ ಬಂದದ್ದು ಬರೀ ಅರ್ಧ ಕೆರೆ ಎಂದ. ಹಿರಿಯೂರು ಕಡೆಯ ಬಸ್ಸಿಗೆ ಹೊತ್ತಾಗಿತ್ತು. ದುಡ್ಡು ಕೊಡಲು ಕೈ ಚಾಚಿದೆ. ಗಾಡಿಯವನು ಅದನ್ನು ಗಮನಿಸದೆ, ಇಲ್ಲ, ಮದುವೆಯಾದ ಮಾರನೆ ವರ್ಷ, ನನ್ನ ಹತ್ರ ಫೋಟೋ ಐತೆ ಎಂದು ಮೊಬೈಲ್ ತೆಗೆದು ಹುಡುಕತೊಡಗಿದ.